ಮೂರು ಫ್ಲೆಕ್ಸಿನ ತಾಯಿ

ನಮ್ಮ ವಾರ್ಡಿನ ಮತ ಎಣಿಸಲು ಸರ್ಕಾರ ಅಷ್ಟೊಂದು ಪೊಲೀಸರನ್ನು, ಗುಮಾಸ್ತರನ್ನು, ಬೀಗ ಹಾಕಿದ ಪೆಟ್ಟಿಗೆಗಳನ್ನು ಯಾಕೆ ಒಟ್ಟು ಮಾಡುತ್ತದೋ ನನಗೆ ಇವತ್ತಿಗೂ ತಿಳಿದಿಲ್ಲ. ನಮ್ಮ ಸೋದರತ್ತೆಯನ್ನು ಆಟೋದಲ್ಲಿ ಕೂರಿಸಿ ಬಾಲಾನಗರದ ಸುತ್ತ ಒಂದು ಸುತ್ತು ಹಾಕಿಸಿದರೆ ಸಾಕಲ್ಲವೇ? ಕಂಬಗಳಿಗೆ ಕಟ್ಟಿದ ಫ್ಲೆಕ್ಸ್‌ಗಳನ್ನು ನೋಡಿಯೇ ಗೆಲ್ಲುವವರು ಯಾರು, ಬೀಳುವವರು ಯಾರು ಎಂದು ಆಕೆ ಹೇಳಿಬಿಡುತ್ತಾಳೆ. ನಾನು ಕಂಡಂತೆ ಆಕೆಯ ಮಾತು ಒಮ್ಮೆಯೂ ಸುಳ್ಳಾಗಿಲ್ಲ!

ಅತ್ತೆ ಪ್ರಣಾಳಿಕೆ ಓದುವವಳಲ್ಲ. ಭಾಷಣ ಕೇಳುವವಳೂ ಅಲ್ಲ, ಮೈಕಿನ ಸದ್ದಿಗೆ ಆಕೆಗೆ ತಲೆನೋವು. ಫೋಟೋದಲ್ಲಿ ಉಮೇದುವಾರನ ಪಕ್ಕ ಯಾರಿದ್ದಾರೆ, ಹೇಗಿದ್ದಾರೆ ಎಂಬುದಷ್ಟೇ ಆಕೆಗೆ ಮುಖ್ಯ. ಒಮ್ಮೆ ಭಾರಿ ಕುಳವಾದ ಒಬ್ಬ ಗುತ್ತಿಗೆದಾರ ನಿಂತಿದ್ದ. ಎಲ್ಲಿ ನೋಡಿದರೂ ಅವನದೇ ಜೀಪು, ಅವನದೇ ಬ್ಯಾಂಡು. ಅತ್ತೆ ಅವನ ಫ್ಲೆಕ್ಸಿನ ಕೆಳಗೆ ನಿಂತು, ತರಕಾರಿ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, "ಇವ ಬಿದ್ದ" ಎಂದಳು. ಯಾಕೆಂದು ಕೇಳಿದೆ.

"ಮಗ ಕುರ್ಚಿ ಮ್ಯಾಲ ಕುಂತಾನ, ಹಡೆದಾಕಿ ಬಾಜೂಕ ನಿಂತಾಳ. ಯಾವ ಹೆಣ್ಣುಮಗಳು ಇವಗ ವೋಟು ಹಾಕ್ತಾಳ?"

ಅವನು ಬಿದ್ದ. ಅಂತಿಂಥ ಬೀಳುವಿಕೆಯಲ್ಲ, ಠೇವಣಿಯೂ ಉಳಿಯಲಿಲ್ಲ! ಇನ್ನೊಬ್ಬ ಸಾಕಿದ ನಾಯಿಯನ್ನು ಅಪ್ಪಿಕೊಂಡು ಫೋಟೋ ತೆಗೆಸಿದ್ದ, ಹೆಂಡತಿ ದೂರದ ಮೂಲೆಯಲ್ಲಿದ್ದಳು. ಆ ಪುಣ್ಯಾತ್ಮನ ಬಗ್ಗೆ ಅತ್ತೆ ತೀರ್ಪನ್ನೇ ಕೊಡಲಿಲ್ಲ. ನಾಯಿಯನ್ನು ನೋಡಿ ಅಯ್ಯೋ ಪಾಪ ಎಂದು ಮುಂದೆ ಹೋದಳು.

ಇದು ಆಕೆಯ ಶಾಸ್ತ್ರದ ಮೊದಲ ಅಧ್ಯಾಯ ಮಾತ್ರ. ಎರಡನೆಯದು ಕುಲ, ಭಾಷೆ, ಮೈಬಣ್ಣದ್ದು. ನಮ್ಮ ವಾರ್ಡಿನಲ್ಲಿ ಗಲ್ಲಿ ತಿರುಗಿದರೆ ಭಾಷೆ ತಿರುಗುತ್ತದೆ. ಬೀದರ, ಯಾದಗಿರಿ, ಕಲಬುರಗಿ ಕಡೆಯಿಂದ ಗಡಿ ದಾಟಿ ಈ ತೆಲುಗು ಸೀಮೆಗೆ ಗಾರೆ ಕೆಲಸಕ್ಕೆ, ಕಾರ್ಖಾನೆ ಕೆಲಸಕ್ಕೆ ಬಂದು ನೆಲೆ ನಿಂತ ನಮ್ಮವರದು ಕೊಳಚೆ ನಾಲಾದ ಪಕ್ಕದ ಗಲ್ಲಿ. ಅದರ ಹಿಂದೆ ದಖನಿ ಉರ್ದು ಮಾತಾಡುವವರು, ಮಾರ್ಕೆಟ್ ರಸ್ತೆಯಲ್ಲಿ ಹಳೆಯ ತೆಲುಗು ಮನೆತನಗಳು, ಆಚೆ ಹೊಸ ಅಪಾರ್ಟ್‌ಮೆಂಟುಗಳು. ಮತ ಕೇಳಲು ಬಂದವನು ಒಂದು ಕಡೆ ಖಾಲಾ ಎನ್ನಬೇಕು, ಒಂದು ಕಡೆ ಅಕ್ಕಾ ಎನ್ನಬೇಕು, ನಮ್ಮಲ್ಲಿ ಅವ್ವಾ ಎನ್ನಬೇಕು, ಅಪಾರ್ಟ್‌ಮೆಂಟಿನಲ್ಲಿ ಆಂಟಿ! ಇವನು ನಮ್ಮ ಪೈಕಿ, ನಮ್ಮ ಬಣ್ಣದವನು, ನಮ್ಮ ಮನೆಯಲ್ಲಿ ಕೂತು ಉಣ್ಣುವವನು ಎಂದು ಅನ್ನಿಸಿದರೆ ಮಾತ್ರ ಜನ ಕೈ ಹಿಡಿಯುತ್ತಾರೆ, ರಸ್ತೆ, ನೀರು ಎಲ್ಲ ಆಮೇಲಿನ ಮಾತು ಎಂಬುದು ಅತ್ತೆಯ ಸಿದ್ಧಾಂತ. ನಾನು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ ಮಾಡುವವನು, ದಿನಾ ಪೇಪರ್ ಓದುವವನು. ಇಂಥ ಮಾತು ಒಪ್ಪುವುದುಂಟೇ? ಚುನಾವಣೆ ಮುಗಿಯುವವರೆಗೂ ವಾದ ಮಾಡುತ್ತಿದ್ದೆ, ಫಲಿತಾಂಶದ ದಿನ ತೆಪ್ಪಗಾಗುತ್ತಿದ್ದೆ.

ಕಳೆದ ಚುನಾವಣೆಯಲ್ಲಿ ಮಾತ್ರ ಅತ್ತೆಗೆ ಇದು ಆಟವಾಗಿ ಉಳಿಯಲಿಲ್ಲ. ನಮ್ಮ ಗಲ್ಲಿಯ ಮಲ್ಲಮ್ಮ ನಿಂತಿದ್ದಳು. ಯಾದಗಿರಿ ಕಡೆಯವಳು, ಗಾರೆ ಕೆಲಸದವರ ಗುಂಪಿಗೆ ಮೇಸ್ತ್ರಿ. ಗಂಡ ತೀರಿ ಬಹಳ ಕಾಲವಾಗಿದೆ, ಮಕ್ಕಳಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ದೊಡ್ಡ ಮಳೆ ಬಂದರೆ ನಾಲಾ ಉಕ್ಕಿ ನಮ್ಮ ಅಡುಗೆಮನೆಗಳಿಗೇ ಬರುತ್ತದೆ. ಅದಕ್ಕೊಂದು ಗೋಡೆ ಕಟ್ಟಿಸಿರೆಂದು ಮಲ್ಲಮ್ಮ ಕೆಲಸ ಬಿಟ್ಟು ಮುನ್ಸಿಪಾಲಿಟಿಗೆ ಅಲೆದು ಚಪ್ಪಲಿ ಸವೆಸಿದ್ದಳು. ಕೊನೆಗೆ ರೋಸಿಹೋಗಿ ತಾನೇ ನಾಮಪತ್ರ ಹಾಕಿದಳು. ಅವಳ ಕರಪತ್ರದಲ್ಲಿ ಇದ್ದದ್ದು ಒಂದೇ ಫೋಟೋ, ತಲೆಗೆ ಟವೆಲ್ ಸುತ್ತಿದ ಕಪ್ಪು ಮುಖ, ಅಕ್ಕಪಕ್ಕ ಖಾಲಿ. ಅತ್ತೆ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಳು. ಮಲ್ಲಮ್ಮ ಗೆಲ್ಲಬೇಕೆಂಬುದು ಆಕೆಯ ಆಸೆ. ಗೆಲ್ಲುವುದಿಲ್ಲವೆಂಬುದು ಆಕೆಯ ಶಾಸ್ತ್ರ! ಕರಪತ್ರ ಮಡಿಸಿಕೊಂಡು ಎದ್ದು ಒಳಗೆ ಹೋದಳು.

ಇಂಥ ಅತ್ತೆಯೇ ಮಲ್ಲಮ್ಮನಿಗೆ ಕೊಡಲಿ ಪೆಟ್ಟು ಕೊಟ್ಟಳೆಂದರೆ ನಂಬುತ್ತೀರಾ?

ಆದದ್ದು ಹೀಗೆ. ಒಂದು ಭಾನುವಾರ ಎದುರು ಪಕ್ಷದ ಒಬ್ಬ ಉಮೇದುವಾರ ನಮ್ಮ ಗಲ್ಲಿಗೆ ಬಂದ. ಅತ್ತೆಯ ಹೊಸ್ತಿಲಲ್ಲಿ ನಿಂತು ಕೈ ಮುಗಿದು, ನಾನು ನಿಮ್ಮ ಮನೆಯ ಮಗ ಎಂದ. ಎಲ್ಲರೂ ಎಲ್ಲ ಮನೆಯಲ್ಲೂ ಹೇಳುವ ಮಾತದು. ಆದರೆ ಅತ್ತೆ ಅದನ್ನು ಮಾತಿನಂತೆಯೇ ತೆಗೆದುಕೊಳ್ಳುತ್ತಾಳೆ, ಅದು ಆಕೆಯ ಹಳೆಯ ಚಾಳಿ.

"ಮಗ ಅಂದ್ರ ಹೊರಗ ಯಾಕ ನಿಂತೀಯೋ? ಒಳಗ ಬಾ. ಗ್ಯಾಸ್ ಸಿಲಿಂಡರ್ ಮುಗದೈತಿ, ಹೊಸಾದು ಹಚ್ಚು."

ಹಿಂದೆ ಐವತ್ತು ಜನ ಜೈಕಾರ ಹಾಕುತ್ತಿದ್ದಾರೆ, ಪಾಪ, ಏನು ಮಾಡಿಯಾನು? ಬಿಳಿ ಅಂಗಿಯ ತೋಳು ಮಡಿಸಿ ಸಿಲಿಂಡರ್ ಎತ್ತಿದ. ಅವನು ಹೋಗಿ ಅರ್ಧ ಗಂಟೆಯಲ್ಲಿ ಎರಡನೆಯವನು ಬಂದ, ಅವನೂ ಮಗನೇ. ಅವನ ಕೈಯಲ್ಲಿ ಫ್ಯಾನಿನ ರೆಕ್ಕೆ ಒರೆಸಿಸಿದಳು. ಮೂರನೆಯವನು ಅಟ್ಟದ ಮೇಲಿನ ಹಿತ್ತಾಳೆಯ ಹಂಡೆ ಇಳಿಸಿಕೊಟ್ಟು, ಸೊಂಟ ಹಿಡಿದುಕೊಂಡೇ ಮುಂದಿನ ಮನೆಗೆ ಹೋದ. ಮಕ್ಕಳಿಲ್ಲದ ಅತ್ತೆಗೆ ಒಂದೇ ಮಧ್ಯಾಹ್ನ ಮೂರು ಗಂಡುಮಕ್ಕಳು! ಗಲ್ಲಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಲ್ಲಮ್ಮನೂ ನಕ್ಕಳು. ಮೂವರ ಹಿಂಬಾಲಕರೂ ಮೊಬೈಲಿನಲ್ಲಿ ಫೋಟೋ ತೆಗೆದದ್ದನ್ನು ನಾವು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೂರೇ ದಿನ. ಡ್ಯೂಟಿ ಮುಗಿಸಿ ಬರುವಾಗ ಚೌರಸ್ತೆಯಲ್ಲಿ ತಲೆ ಎತ್ತಿದರೆ ನಮ್ಮ ಅತ್ತೆ! ಆಳೆತ್ತರದ ಅತ್ತೆ! ಪಕ್ಕದಲ್ಲಿ ಸಿಲಿಂಡರ್ ಹೊತ್ತ ಸುಪುತ್ರ. ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ವಾರ್ಡೆಲ್ಲ ತಿರುಗಿದೆ. ಮೂರು ಪಕ್ಷಗಳ ಫ್ಲೆಕ್ಸಿನಲ್ಲೂ ತಾಯಿ ಈಕೆಯೇ. ಆದರೆ ಮೂವರೂ ಬೇರೆ ಬೇರೆ ತಾಯಂದಿರು. ಅಪಾರ್ಟ್‌ಮೆಂಟಿನ ಕಡೆಗೆ ಕಟ್ಟಿದ್ದರಲ್ಲಿ ಅತ್ತೆ ಹಾಲಿನಂತೆ ಬೆಳ್ಳಗಾಗಿದ್ದಳು, ಮೂಗೂ ಕೊಂಚ ಚೂಪಾಗಿತ್ತು. ದಖನಿ ಗಲ್ಲಿಯದರಲ್ಲಿ ಸೆರಗು ತಲೆಯ ಮೇಲೆ ಬಂದು ಕಿವಿ ಮುಚ್ಚಿತ್ತು. ಮಾರ್ಕೆಟ್ ರಸ್ತೆಯದರಲ್ಲಿ ಮುಡಿ ತುಂಬ ಮಲ್ಲಿಗೆ, ಹಣೆಯಲ್ಲಿ ಕಾಸಗಲ ಕುಂಕುಮ. ಮಾವ ಹೋದ ಮೇಲೆ ಅತ್ತೆ ಕುಂಕುಮ ಇಟ್ಟಿರಲಿಲ್ಲ. ಅದರ ಕೆಳಗೆ ಸ್ಕೂಟರ್ ನಿಲ್ಲಿಸಲು ಹೇಳಿ ಇಳಿದಳು.

"ನಿಮ್ಮ ಮಾವ ನೋಡಿದ್ರ ಗಾಬರಿ ಆಗ್ತಿದ್ದ" ಎಂದಳು. ನಗುತ್ತಿದ್ದಾಳೋ ಇಲ್ಲವೋ ನನಗೆ ತಿಳಿಯಲಿಲ್ಲ.

ಫ್ಲೆಕ್ಸ್ ಅಂಗಡಿಗೆ ಹೋಗಿ ನಾನು ಜಗಳ ತೆಗೆದೆ. ಕಂಪ್ಯೂಟರಿನ ಮುಂದೆ ಕೂತವನು ಸ್ವಲ್ಪವೂ ಬಿಸಿಯಾಗಲಿಲ್ಲ. ದರ್ಜಿ ಅಳತೆ ಹೇಳುವಷ್ಟು ಸಮಾಧಾನದಿಂದ, ಯಾವ ರಸ್ತೆಗೆ ಯಾವ ಬಣ್ಣ ಓಡುತ್ತದೆ, ಯಾವ ಗಲ್ಲಿಗೆ ಸೆರಗು ಎಷ್ಟು ಮೇಲಿರಬೇಕು ಎಂದು ವಿವರಿಸಿದ. ನಾನು ಬಾಯಿ ತೆರೆದು ಕೇಳುತ್ತಾ ನಿಂತೆ. ಅತ್ತೆ ಇಷ್ಟು ವರ್ಷ ಕಣ್ಣಲ್ಲಿ ನೋಡಿ ಕಲಿತ ಶಾಸ್ತ್ರವೆಲ್ಲ ಈ ಮಹಾನುಭಾವನ ಬೆರಳ ತುದಿಯಲ್ಲಿತ್ತು! ಅತ್ತೆಯೂ ಗೌರವದಿಂದಲೇ ಕೇಳಿಸಿಕೊಂಡಳು. ಹೊರಗೆ ಬಂದ ಮೇಲೆ ಮಾತ್ರ ಆಕೆಯ ಮುಖ ಸಣ್ಣಗಾಯಿತು.

ಯಾಕೆಂದರೆ ಅಷ್ಟರಲ್ಲಿ ನಮ್ಮ ಗಲ್ಲಿಯಲ್ಲೇ ಮಾತು ಶುರುವಾಗಿತ್ತು. ಮಲ್ಲಮ್ಮ ಒಳ್ಳೆಯವಳೇ, ಆದರೆ ಅವಳಿಗೆ ಯಾರಿದ್ದಾರೆ? ಸಿಲಿಂಡರ್ ಎತ್ತಿದ ಹುಡುಗನನ್ನು ನೋಡಿ, ಹೆತ್ತ ಮಗನಿಗಿಂತ ಹೆಚ್ಚಾಗಿ ನಮ್ಮ ಅತ್ತೆಯನ್ನು ನೋಡಿಕೊಳ್ಳುತ್ತಾನೆ. ಹೀಗೆಂದವರು ಆ ಭಾನುವಾರ ಕಣ್ಣಾರೆ ಕಂಡು ನಕ್ಕವರೇ! ಅತ್ತೆ ಮನೆಮನೆಗೆ ಹೋಗಿ ಅವರು ಯಾರೂ ನನ್ನ ಮಕ್ಕಳಲ್ಲ ಎಂದಳು. ಎಲ್ಲರೂ ಹೂಂ ಎಂದರು, ಆಮೇಲೆ ಫ್ಲೆಕ್ಸಿನ ಕಡೆಗೇ ನೋಡಿದರು. ಅಪಾರ್ಟ್‌ಮೆಂಟಿನ ಗೇಟಿನ ಬಳಿಯಂತೂ ಇನ್ನೂ ಚಂದ. ಅಲ್ಲಿನ ಕಾವಲುಗಾರ ನಮ್ಮ ಬೀದರಿನವನೇ. ಆ ತಾಯಿ ನಾನೇ ಎಂದು ಅತ್ತೆ ಮೇಲೆ ಕೈ ತೋರಿಸಿದಳು. ಅವನು ಫ್ಲೆಕ್ಸ್ ನೋಡಿದ, ಅತ್ತೆಯನ್ನು ನೋಡಿದ.

"ಇಲ್ರೀ ಅವ್ವಾರ. ಅವರು ಬೆಳ್ಳಗದಾರ" ಎಂದ.

ಅತ್ತೆಯ ಮುಂದೆ ಅತ್ತೆಯೇ ಸೋತದ್ದನ್ನು ನಾನು ಕಂಡದ್ದು ಅದೇ ಮೊದಲು. ಸ್ಕೂಟರ್ ಹತ್ತಿದ ಮೇಲೆ, ತಾನು ತಮಾಷೆಗೆ ಮಾಡಿದ್ದು ಮಲ್ಲಮ್ಮನ ಕುತ್ತಿಗೆಗೆ ಬಂತಲ್ಲ ಎಂದು ದಾರಿಯುದ್ದಕ್ಕೂ ಹಲುಬಿದಳು.

ಮರುದಿನ ಸಂಜೆ ಮಲ್ಲಮ್ಮ ಬಂದಳು. ಕೈಗೆ ಅಂಟಿದ ಸಿಮೆಂಟನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತಳು. ಯಾರಲ್ಲೂ ಏನೂ ಕೇಳಿದವಳಲ್ಲ, ಕೇಳಲು ನಾಚಿಕೆ.

"ಅವ್ವಾರ, ಎಲ್ಲಾರ ಫೋಟೋದಾಗೂ ಮಂದಿ ಅದಾರ. ನನ್ನ ಬಾಜೂಕ ನೀವು ನಿಂದರ್ತೀರೇನ್ರಿ?"

ನಿಂತುಬಿಡು ಅತ್ತಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ನಿಂತರೆ ಅರ್ಧ ಗಲ್ಲಿಯಾದರೂ ತಿರುಗುತ್ತಿತ್ತು.

"ಮೂರು ಮಂದಿಗೆ ಸುಳ್ಳು ತಾಯಿ ಆಗೀನಿ" ಎಂದಳು ಅತ್ತೆ. "ನಾಕನೇ ಸುಳ್ಳಾಗಿ ನಿನ್ನ ಬಾಜೂಕ ನಿಂದ್ರಂಗಿಲ್ಲ ನೋಡವ್ವ. ನಿನ್ನ ಕೆಲಸ ಹೇಳೂಣು, ಅಷ್ಟ ಸಾಕು."

ಮಲ್ಲಮ್ಮ ತಲೆ ತಗ್ಗಿಸಿ ಹೊರಟಳು. ನನಗೆ ಅತ್ತೆಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಸತ್ಯಹರಿಶ್ಚಂದ್ರನ ವಂಶದವಳೇ ಈಕೆ? ಆದರೆ ಮರುದಿನ ಬೆಳಿಗ್ಗೆಯಿಂದ ಪ್ರಚಾರ ಮುಗಿಯುವವರೆಗೆ ಅತ್ತೆ ಮಲ್ಲಮ್ಮನ ಜೊತೆ ಗಲ್ಲಿಗಲ್ಲಿ ಅಲೆದಳು. ಯಾರ ಮನೆಯಲ್ಲೂ ಖಾಲಾ, ಅಕ್ಕಾ, ಆಂಟಿ ಎನ್ನಲಿಲ್ಲ. ನಮ್ಮವಳು ಎನ್ನಲಿಲ್ಲ, ಗಂಡನಿಲ್ಲದವಳು, ಪಾಪ ಎಂದೂ ಅನ್ನಲಿಲ್ಲ. ನಾಲಾ ಉಕ್ಕಿದ ದಿನ ಸೊಂಟದವರೆಗೆ ಇಳಿದು ಯಾರು ಕಸ ತೆಗೆದರು ಎಂಬುದನ್ನಷ್ಟೇ ಹೇಳಿದಳು. ಜೀವಮಾನವೆಲ್ಲ ಕಟ್ಟಿಕೊಂಡ ಶಾಸ್ತ್ರಕ್ಕೆ ಪೂರ್ತಿ ವಿರುದ್ಧ! ಕಾಲು ಊದಿಕೊಂಡರೂ ಬಿಡಲಿಲ್ಲ. ಆಕೆಯ ಹಿಂದೆ ನೀರಿನ ಬಾಟಲಿ ಹಿಡಿದು ನಡೆಯುತ್ತಿದ್ದ ನಾನು, ಇದೆಂಥ ಹೆಣ್ಣು ಎಂದು ಬೆರಗಾಗಿದ್ದೆ.

ಎಣಿಕೆಯ ದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಅಪಾರ್ಟ್‌ಮೆಂಟಿನ ಕಡೆಯ ಫ್ಲೆಕ್ಸಿನವನು, ಬೆಳ್ಳಗಿನ ಅತ್ತೆಯ ಮಗ, ಗೆದ್ದ. ನಮ್ಮ ಗಲ್ಲಿ ಮಲ್ಲಮ್ಮನ ಕೈ ಹಿಡಿದಿತ್ತು, ದಖನಿ ಗಲ್ಲಿಯಲ್ಲೂ ಅಷ್ಟಿಷ್ಟು ಬಿದ್ದಿತ್ತು, ಉಳಿದ ಕಡೆ ಏನೂ ಇಲ್ಲ. ಎಣಿಕೆ ನಡೆದದ್ದು ಒಂದು ಕಾಲೇಜಿನಲ್ಲಿ. ಅತ್ತೆ ಹಠ ಹಿಡಿದು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಗೇಟಿನ ಹೊರಗೆ ಗೆದ್ದವನು ಹೆಂಡತಿ ಮಕ್ಕಳ ಸಮೇತ ಜೀಪು ಹತ್ತಿದ್ದ, ನಿಜವಾದ ತಾಯಿಯೂ ಇದ್ದಳು, ಬಣ್ಣ ಮಾತ್ರ ನಮ್ಮ ಅತ್ತೆಯದೇ! ಪಟಾಕಿ, ಗುಲಾಲು, ಬ್ಯಾಂಡು. ಗೇಟಿನ ಒಳಗೆ, ಕಾಲೇಜಿನ ಮೆಟ್ಟಿಲ ಮೇಲೆ, ಮಲ್ಲಮ್ಮ ಒಬ್ಬಳೇ ಕೂತಿದ್ದಳು. ಆ ಗದ್ದಲದ ನಡುವೆ ಹೊರಗೆ ಬರಲು ಅವಳಿಗೆ ಮುಖವಿರಲಿಲ್ಲ.

ಗೇಟಿನಲ್ಲಿ ಪೊಲೀಸಿನವನು ಲಾಠಿ ಅಡ್ಡ ಹಿಡಿದ. ಪಾಸ್ ಇಲ್ಲದೆ ಬಿಡುವುದಿಲ್ಲ, ಒಳಗೆ ನಿಮ್ಮವರು ಯಾರಿದ್ದಾರೆ ಎಂದು ತೆಲುಗಿನಲ್ಲಿ ಗದರಿದ. ಅತ್ತೆ ಮೆಟ್ಟಿಲ ಕಡೆ ಕೈ ತೋರಿಸಿದಳು.

"ನನ್ನ ಮಗಳು" ಎಂದಳು, ಕನ್ನಡದಲ್ಲೇ.

ಅಷ್ಟು ಕನ್ನಡ ಅವನಿಗೆ ಅರ್ಥವಾಯಿತು. ಗೆದ್ದಳೇ ಎಂದು ಕೇಳಿದ.

"ಇಲ್ಲಪ್ಪಾ, ಸೋತಾಳ. ಅದಕ್ಕ ಬಂದೀನಿ."

ಅವನು ಲಾಠಿ ಕೆಳಗಿಳಿಸಿ ಗೇಟು ತೆರೆದ. ನನ್ನನ್ನು ಒಳಗೆ ಬಿಡಲಿಲ್ಲ, ನಾನೂ ಕೇಳಲಿಲ್ಲ. ಊದಿದ ಕಾಲು ಎಳೆಯುತ್ತಾ ಅತ್ತೆ ಮೆಟ್ಟಿಲು ಹತ್ತಿ ಮಲ್ಲಮ್ಮನ ಪಕ್ಕ ಕೂತದ್ದು, ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡದ್ದು ಗೇಟಿನ ಸರಳುಗಳ ನಡುವೆ ಕಾಣಿಸಿತು. ಬ್ಯಾಂಡಿನವರೆಲ್ಲ ಜೀಪಿನ ಹಿಂದೆ ಹೊರಟುಹೋದರು, ಅವರಿಬ್ಬರೂ ಅಲ್ಲೇ ಕೂತಿದ್ದರು.