ಕೆಂಪು ಚೀಟಿ ಮತ್ತು ಶನಿವಾರದ ಎರಡು ಗ್ಲಾಸು

ಕುಡಿತದಿಂದ ಆರೋಗ್ಯದ ಅಭ್ಯಾಸಗಳು ಕೆಡುತ್ತವೆ ಎಂದು ಯಾರೇ ಹೇಳಲಿ, ನಾನು ಒಪ್ಪುವುದಿಲ್ಲ. ಹಿಂದೆಯೂ ಒಪ್ಪಲಿಲ್ಲ, ಎದೆಯ ಮೇಲೆ ಕೆಂಪು ಚೀಟಿ ತೂಗುತ್ತಿರುವ ಈ ಹೊತ್ತಿನಲ್ಲೂ ಒಪ್ಪುವುದಿಲ್ಲ. (ಚೀಟಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.) ನಾನು ಕುಡಿಯುವುದು ವಾರಕ್ಕೊಂದೇ ದಿನ, ಶನಿವಾರ ಸಂಜೆ, ಎರಡೇ ಗ್ಲಾಸು. ಮೂರನೆಯದು ಎರಡನೆಯದರ ಮುಂದುವರಿದ ಭಾಗ. ಅದನ್ನು ಬೇರೆಯಾಗಿ ಎಣಿಸುವುದು ಸಣ್ಣತನ.

ಆದರೆ ನನ್ನ ಹೆಂಡತಿ ಎಣಿಸುತ್ತಾಳೆ. ಡಾಕ್ಟರು ನನ್ನ ರಕ್ತದೊತ್ತಡ ನೋಡಿ ಹುಬ್ಬೇರಿಸಿದ ದಿನವೇ ಅವಳು ಫ್ರಿಜ್ಜಿನ ಬಾಗಿಲಿಗೆ ಒಂದು ದೊಡ್ಡ ಹಾಳೆ ಅಂಟಿಸಿದಳು. ದಿನಕ್ಕೆ ಆರು ಚೌಕ: ನಡಿಗೆ, ವ್ಯಾಯಾಮ, ನೀರು, ಹಣ್ಣು, ಎರಡು ಸಲ ಹಲ್ಲುಜ್ಜುವುದು, ರಾತ್ರಿ ಹತ್ತಕ್ಕೆ ನಿದ್ರೆ.

"ಶನಿವಾರ ಕುಡಿದ್ರೆ ಭಾನುವಾರ ಇದ್ಯಾವುದೂ ಆಗಲ್ಲ ಕಣ್ರೀ."

"ಯಾಕಾಗಲ್ಲ? ಗ್ಲಾಸು ಹಿಡಿಯೋದು ಕೈ, ನಡೆಯೋದು ಕಾಲು. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಹಾಗಾದ್ರೆ ಪಂದ್ಯ. ನಾಲ್ಕು ವಾರ ಒಂದೂ ಚೌಕ ತಪ್ಪದ ಹಾಗೆ ತುಂಬಿಸಿ. ಆಮೇಲೆ ನಿಮ್ಮ ಶನಿವಾರದ ಬಗ್ಗೆ ಜನ್ಮದಲ್ಲಿ ತುಟಿ ಬಿಚ್ಚಲ್ಲ. ಒಂದು ತಪ್ಪಿದ್ರೂ ಶನಿವಾರ ನಂದು."

ಇಷ್ಟು ಹೇಳಿ ಅವಳು ದನಿ ತಗ್ಗಿಸಿ, "ನನಗೆ ಭಯ ಆಗುತ್ತೆ ರೀ" ಅಂದಳು. ಅದೊಂದು ಮಾತು ನನಗೆ ನಾಟಿತು, ಸುಳ್ಳು ಹೇಳುವುದಿಲ್ಲ. ಆದರೆ ನಾಟಿದ್ದನ್ನು ತೋರಿಸಿಕೊಂಡರೆ ಗಂಡಸುತನದ ಮಾನ ಏನಾಗಬೇಕು? "ಆಯ್ತು!" ಎಂದು ಗುಡುಗಿದೆ.

ಇಲ್ಲಿ ನನ್ನ ಉದ್ಯೋಗ ಹೇಳಬೇಕು. ನಾನು ಲಿಫ್ಟ್ ತನಿಖಾಧಿಕಾರಿ. ಬಹುಮಹಡಿ ಕಟ್ಟಡಗಳ ಲಿಫ್ಟುಗಳನ್ನು ಮೆಕ್ಯಾನಿಕ್‌ಗಳು ಪ್ರತಿದಿನ ಪರೀಕ್ಷಿಸಿ ಕಾರ್ಡಿನಲ್ಲಿ ಗುರುತು ಹಾಕಬೇಕು. ಕೆಲವರು ಲಿಫ್ಟಿನ ಮುಖವನ್ನೂ ನೋಡದೆ ಇಡೀ ವಾರದ ಗುರುತನ್ನು ಕೂತಲ್ಲೇ ಹಾಕಿಬಿಡುತ್ತಾರೆ. ಅವರನ್ನು ಹಿಡಿಯುವುದೇ ನನ್ನ ಪರಮ ಕರ್ತವ್ಯ. ಹಿಡಿದರೆ "ಬಳಕೆಗೆ ಯೋಗ್ಯವಲ್ಲ. ಮೆಟ್ಟಿಲು ಬಳಸಿ" ಎಂದು ಅಚ್ಚಾದ ಕೆಂಪು ಚೀಟಿಯನ್ನು ಲಿಫ್ಟಿಗೆ ತೂಗುಹಾಕುತ್ತೇನೆ. ಹಾಕಿದವರೇ ತೆಗೆಯಬೇಕು, ಬೇರೆಯವರು ಮುಟ್ಟುವಂತಿಲ್ಲ. ಇಪ್ಪತ್ತು ವರ್ಷದಿಂದ ಪ್ರತಿ ಊಟದ ಹೊತ್ತಿಗೆ ಈ ಸಾಹಸಗಾಥೆಗಳನ್ನು ಹೆಂಡತಿಗೆ ಹೇಳಿದ್ದೇನೆ. ಅವಳು ಕೇಳಿಸಿಕೊಳ್ಳುತ್ತಿದ್ದಳು ಎಂದು ನನಗೆ ಗೊತ್ತಿರಲಿಲ್ಲ.

ಮೊದಲ ಮೂರು ವಾರ ಹಾಳೆಯಲ್ಲಿ ಒಂದು ಚೌಕವೂ ಖಾಲಿ ಉಳಿಯಲಿಲ್ಲ. ಭಾನುವಾರ ಬೆಳಿಗ್ಗೆ ನಾನು ಬೂಟು ಕಟ್ಟಿ ಹೊರಟಿದ್ದನ್ನೂ ಒಂದು ಗಂಟೆ ಬಿಟ್ಟು ಬಂದಿದ್ದನ್ನೂ ಹೆಂಡತಿ ಕಣ್ಣಾರೆ ಕಂಡಿದ್ದಳು. (ನಮ್ಮ ಕಟ್ಟಡದ ಲಿಫ್ಟಿನ ಯಂತ್ರದ ಕೋಣೆಯ ಬೀಗದ ಕೈ ನನ್ನ ಹತ್ತಿರ ಇದೆ, ಅಲ್ಲೊಂದು ಒರಗು ಕುರ್ಚಿಯೂ ಇದೆ ಅನ್ನುವುದು ಬೇರೆ ವಿಷಯ.)

ನಾಲ್ಕನೇ ಶನಿವಾರ ಬಂತು. ಎರಡನೇ ಗ್ಲಾಸು ಮುಗಿದ ಮೇಲೆ ನನ್ನಷ್ಟು ಆರೋಗ್ಯವಂತ ಮನುಷ್ಯ ಭೂಮಂಡಲದಲ್ಲಿ ಸಿಗುವುದಿಲ್ಲ. ನಾಳೆ ಬೆಳಿಗ್ಗೆ ಐದಕ್ಕೇ ಏಳುತ್ತೇನೆ, ಒಂದಲ್ಲ ಎರಡು ಗಂಟೆ ನಡೆಯುತ್ತೇನೆ, ಮಂಡಿ ನೋವು ಅನ್ನುವುದೆಲ್ಲ ಸೋಮಾರಿಗಳ ನೆಪ ಎಂದು ಖಚಿತವಾಯಿತು. ಇಷ್ಟು ಖಚಿತವಾದದ್ದಕ್ಕೆ ನಾಳೆವರೆಗೂ ಯಾಕೆ ಕಾಯಬೇಕು? ಹೆಂಡತಿ ತಾರಸಿಗೆ ಒಣಗಿದ ಬಟ್ಟೆ ತರಲು ಹೋಗಿದ್ದಳು. ಪೆನ್ನು ತೆಗೆದೆ. ಭಾನುವಾರದ 'ನಡಿಗೆ'ಗೆ ಒಂದು ಗುರುತು ಎಳೆದೆ. ಆಹಾ, ಎಂಥ ಹಗುರ! ನಡೆದೇ ಬಂದ ಹಾಗಾಯಿತು.

ಕಣ್ಣು ಬಿಟ್ಟಾಗ ಭಾನುವಾರ, ಗಂಟೆ ಹತ್ತೂವರೆ. ಹೆಂಡತಿ ಮಂಚದ ಪಕ್ಕದಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ನನ್ನದೇ ತನಿಖೆಯ ಟಾರ್ಚು.

"ನಡಿಗೆ ಆಯ್ತಾ?"

"ಆಯ್ತು. ಬೇಗ ಹೋಗಿ ಬಂದು ಮಲಗಿದೆ."

"ಹಣ್ಣು?"

"ತಿಂದೆ."

"ರಾತ್ರಿ ಹತ್ತಕ್ಕೆ ನಿದ್ರೆ?"

"ಅದೂ ಆಯ್ತು!"

"ಇವತ್ತಿನ ರಾತ್ರಿದು ರೀ. ಇನ್ನೂ ಮಧ್ಯಾಹ್ನದ ಊಟ ಆಗಿಲ್ಲ. ನೀವು ಆಗ್ಲೇ ರಾತ್ರಿ ಮಲಗಿ ಎದ್ದಾಯ್ತಾ?"

ಟಾರ್ಚಿನ ಬೆಳಕಿನಲ್ಲಿ ನೋಡಿದೆ. ಭಾನುವಾರದ ಆರೂ ಚೌಕಗಳಲ್ಲಿ ಗುರುತುಗಳು ಒಂದೇ ಓರೆಯಲ್ಲಿ ನಿಂತಿದ್ದವು. "ಎಲ್ಲಾ ಒಂದೇ ಉಸಿರಲ್ಲಿ ಹಾಕಿದ್ದು" ಎಂದು ಊಟದ ಹೊತ್ತಿನ ನನ್ನ ಮಾತನ್ನೇ ನನಗೆ ಒಪ್ಪಿಸಿದಳು. "ಚೌಕ ಮುಗಿದ ಮೇಲೂ ನಿಲ್ಲಿಸಿಲ್ಲ ನೀವು. ಫ್ರಿಜ್ಜಿನ ಬಾಗಿಲ ಮೇಲೆ ಒಂಬತ್ತು ಇದೆ. ಒರೆಸಿದ್ರೂ ಹೋಗ್ತಿಲ್ಲ."

"ಅದು ಮುಂದಿನ ವಾರದ್ದು" ಅಂದೆ. ಸೋಲೊಪ್ಪುವ ಜಾಯಮಾನ ನನ್ನದಲ್ಲ.

ಅವಳು ನನ್ನ ಚೀಲದಿಂದ ಕೆಂಪು ಚೀಟಿ ತೆಗೆದಳು. ಬಾಟಲಿಯ ಕಪಾಟಿಗೆ ಹಾಕುತ್ತಾಳೆ ಅಂದುಕೊಂಡೆ. ಕಪಾಟಿನ ಕಡೆ ತಿರುಗಿಯೂ ನೋಡದೆ ಅದನ್ನು ನನ್ನ ಅಂಗಿಯ ಗುಂಡಿಗೆ ಸಿಕ್ಕಿಸಿದಳು. ಬಳಕೆಗೆ ಯೋಗ್ಯವಲ್ಲ. ಮೆಟ್ಟಿಲು ಬಳಸಿ.

ಕಿತ್ತು ಬಿಸಾಡಬಹುದಿತ್ತು. ಆದರೆ ಹಾಕಿದವರೇ ತೆಗೆಯಬೇಕು, ನಿಯಮ ನಿಯಮವೇ. ಸಿಟ್ಟಿನಿಂದ ಬೂಟು ಕಟ್ಟಿ ಐದು ಮಹಡಿ ಇಳಿದೆ, ಮೆಟ್ಟಿಲಿನಲ್ಲೇ. ಕೆಳಗೆ ಲಿಫ್ಟು ಹತ್ತಿದ್ದ ಎದುರುಮನೆಯಾತ ಚೀಟಿ ನೋಡಿದವನೇ ಹೊರಗೆ ಜಿಗಿದು ತರಕಾರಿ ಚೀಲ ಹೊತ್ತು ಮೆಟ್ಟಿಲು ಹತ್ತತೊಡಗಿದ. ನಾನು ಮಾತ್ರ ಬೀದಿಯ ಕೊನೆಯವರೆಗೆ ನಡೆದೆ. ಪಾರ್ಕಿಗೆ ಮೂರು ಸುತ್ತು ಹಾಕಿದೆ. ಐದು ಮಹಡಿ ಹತ್ತಿ ಬಂದು ಬಾಗಿಲಲ್ಲಿ ನಿಂತಾಗ ಬೆವರು ಇಳಿಯುತ್ತಿತ್ತು, ಎದೆ ಉಬ್ಬಿತ್ತು.

"ಪೆನ್ನು ಕೊಡು! ನಡೆದು ಬಂದಿದ್ದೀನಿ, ಗುರುತು ಹಾಕ್ತೀನಿ."

ಅವಳು ಪೆನ್ನು ಕೊಟ್ಟಳು. ಹಾಳೆಯನ್ನೂ ಹಿಡಿದಳು. ಭಾನುವಾರದ ನಡಿಗೆಯ ಚೌಕದಲ್ಲಿ ಶನಿವಾರ ಸಂಜೆಯ ಗುರುತು ಆಗಲೇ ಕಾಲು ಚಾಚಿ ಕೂತಿತ್ತು.

ನನಗೆ ತಡೆಯಲಾಗಲಿಲ್ಲ. "ಇದೆಂಥ ಅನ್ಯಾಯ! ನಾಲ್ಕು ಭಾನುವಾರದಲ್ಲಿ ನಿಜವಾಗ್ಲೂ ನಡೆದಿದ್ದು ಇದೊಂದೇ ಸಲ, ಅದಕ್ಕೇ ಜಾಗ ಇಲ್ಲ!" ಎಂದು ಕೂಗಿದೆ.

ಹೆಂಡತಿ ಚೀಲದ ಜಿಪ್ ಎಳೆದು ಇನ್ನೂ ಮೂರು ಕೆಂಪು ಚೀಟಿ ತೆಗೆದಳು.