ತಿದ್ದುಪಡಿ ರಾಯರ ಬ್ಯಾಟರಿ

ಅಚ್ಚುಮನೆಯಲ್ಲಿ ಕರಡು ತಿದ್ದುವುದು ಅವರ ಉದ್ಯೋಗ, ಮನೆಯಲ್ಲಿ ಹೆಂಡತಿಯನ್ನು ತಿದ್ದುವುದು ಹವ್ಯಾಸ. ಹಾಗಾಗಿ ಬೀದಿಯವರ ಬಾಯಲ್ಲಿ ಅವರು ತಿದ್ದುಪಡಿ ರಾಯರು. ಇಂಥವರಿಗೆ ಒಂದು ದಿನ, ತಮ್ಮ ಹಳೆಯ ಸ್ಕೂಟರಿನ ಎಂಜಿನ್ ಕಿತ್ತೆಸೆದು ಅದನ್ನು ಕರೆಂಟಿನಲ್ಲಿ ಓಡಿಸಬೇಕೆಂಬ ದಿವ್ಯಜ್ಞಾನ ಉದಯಿಸಿತು.

ಮೋಟಾರನ್ನು ಮೆಕ್ಯಾನಿಕ್ ಕೂರಿಸಿಕೊಟ್ಟ. ಬ್ಯಾಟರಿಯನ್ನು ಮಾತ್ರ ಸ್ವಹಸ್ತದಿಂದಲೇ ಕಟ್ಟುವುದಾಗಿ ರಾಯರು ಘೋಷಿಸಿದರು. ಗುಜರಿ ಅಂಗಡಿಯಿಂದ ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಚೀಲಗಟ್ಟಲೆ ತಂದು, ಬಿಚ್ಚಿ, ಒಳಗಿದ್ದ ಬೆರಳುದ್ದದ ಲಿಥಿಯಂ ಸೆಲ್‌ಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರು. (ಅಂದಿನಿಂದ ಊಟ ನೆಲದ ಮೇಲೆ.)

"ಕೈಗೆ ಸಿಕ್ಕಿದ್ದನ್ನೆಲ್ಲ ಜೋಡಿಸೋ ಹಾಗಿಲ್ಲ ಕಣೇ. ಪೂರ್ತಿ ಚಾರ್ಜ್ ಮಾಡಿ, ಒಂದಷ್ಟು ದಿನ ಸುಮ್ನೆ ಬಿಟ್ಟು, ಆಮೇಲೆ ಅಳೀಬೇಕು. ಇಳಿದಿದ್ದು ತಿರಸ್ಕಾರ, ಇಳೀದೇ ಇದ್ದಿದ್ದು ಸ್ವೀಕಾರ. ಸಾಲಲ್ಲಿ ಒಂದು ಸೊರಗಿದ್ರೂ ಗಾಡಿ ನಿಂತ್ಹೋಗುತ್ತೆ."

"ಅದೆಲ್ಲ ಇರ್ಲಿ. ಅಕ್ಕ ಹೊರಡೋದ್ರೊಳಗೆ ಮುಗಿಯುತ್ತಾ?"

ಹೆಂಡತಿಯ ಚಿಂತೆ ಅದೊಂದೇ. ಗುಡ್ಡದ ಮೇಲಿನ ಬಡಾವಣೆಯಲ್ಲಿದ್ದ ಅಕ್ಕ ಮನೆ ಖಾಲಿ ಮಾಡಿ ದೂರದ ಊರಿಗೆ ಹೋಗುವವಳಿದ್ದಳು. ಹೋಗುವ ಮುಂಚೆ ಒಂದು ಮಧ್ಯಾಹ್ನ ಪೂರ್ತಿ ಅವಳ ಪಕ್ಕ ಕೂತು ಮಾತಾಡಬೇಕೆಂದು ತಂಗಿಗೆ ಆಸೆ.

"ಮುಗಿಯೋದೇನು, ಈ ಗಾಡೀಲೇ ಕರ್ಕೊಂಡು ಹೋಗ್ತೀನಿ," ಎಂದರು ರಾಯರು.

ಚಾರ್ಜಾಗಿ ಒಂದಷ್ಟು ದಿನ ಸುಮ್ಮನೆ ಮಲಗಿದ್ದ ಸೆಲ್‌ಗಳಿಗೆ ಮೀಟರ್ ಹಿಡಿದು ಅಳತೆ ಶುರುವಾಯಿತು. ಮೊದಮೊದಲು ಅಳೆದವು ತುಂಬಿಸಿದ್ದಕ್ಕಿಂತ ಕೂದಲೆಳೆಯಷ್ಟು ಇಳಿದಿದ್ದವು; ರಾಯರು ಅವನ್ನೆಲ್ಲ ತಿರಸ್ಕಾರದ ಡಬ್ಬಕ್ಕೆ ಹಾಕಿದರು. ಬರಬರುತ್ತಾ ಒಂದಕ್ಕಿಂತ ಒಂದು ಜೋರು. ಕೊನೆಯವಂತೂ ತುಂಬಿಸಿದ್ದಕ್ಕಿಂತ ಹೆಚ್ಚೇ ತೋರಿಸಿದವು.

"ರೀ, ಹಾಕಿದ್ದಕ್ಕಿಂತ ಹೆಚ್ಚು ಹೇಗೆ ಬರುತ್ತೆ?"

"ವಿಶ್ರಾಂತಿಯ ಮಹಿಮೆ."

"ಮೀಟರ್ ಮೂಲೇಲಿ ಪುಟ್ಟ ಬ್ಯಾಟರಿ ಚಿತ್ರ ಮಿಣುಕ್ತಾ ಇದೆಯಲ್ಲ, ಅದೇನು?"

"ಅಳೀತಾ ಇರೋದು ಬ್ಯಾಟರಿ ಅಂತ ಅದಕ್ಕೆ ಗೊತ್ತಾಗಿದೆ. ಬುದ್ಧಿ ಇರೋ ಮೀಟರ್. ನೀನು ಸುಮ್ನಿರು."

ಅವಳು ತಿರಸ್ಕಾರದ ಡಬ್ಬದಿಂದ ಒಂದು ಸೆಲ್ ಎತ್ತಿ, ಅದೇ ಗಾತ್ರದ್ದು ಬೇಕಾಗಿದ್ದ ತನ್ನ ಟಾರ್ಚಿಗೆ ಹಾಕಿಕೊಂಡಳು.

ಅಕ್ಕ ಹೊರಡುವ ದಿನ ಬಂತು. "ಬಸ್ಸಲ್ಲಿ ಹೋಗೋಣ ರೀ" ಎಂಬ ಮನವಿ ತಿರಸ್ಕಾರದ ಡಬ್ಬಕ್ಕೇ ಹೋಯಿತು. ಊಟ ಮುಗಿಸಿ ಇಬ್ಬರೂ ಸ್ಕೂಟರ್ ಏರಿದರು. ಸಮತಟ್ಟಾದ ರಸ್ತೆಯಲ್ಲಿ ಸವಾರಿ ರಾಜಗಾಂಭೀರ್ಯದಿಂದಲೇ ಸಾಗಿತು. ಗುಡ್ಡದ ಏರಿನಲ್ಲಿ ಗಾಡಿ ಒಮ್ಮೆ ನಿಟ್ಟುಸಿರಿಟ್ಟು ನಿಂತಿತು.

"ಸ್ವಲ್ಪ ಸುಧಾರಿಸ್ಕೊಳ್ಳಲಿ," ಎಂದರು ರಾಯರು. ಸುಧಾರಿಸಿಕೊಂಡು ನಾಲ್ಕು ಮಾರು ಹೋಗಿ ಮತ್ತೆ ನಿಂತಿತು.

ಬಸ್ಸೊಂದು ಬಂತು. ಅವಳು ಕೈ ಎತ್ತುವಷ್ಟರಲ್ಲಿ ರಾಯರು, "ಗಾಡಿ ಬಿಟ್ಟು ಹೋದ್ರೆ ನಿನ್ನ ಅಕ್ಕನ ಮುಂದೆ ನನ್ನ ಮರ್ಯಾದೆ ಏನು? ಇನ್ನೊಂದೇ ಸಲ," ಎಂದರು. ಇನ್ನೊಂದು ಬಸ್ಸೂ ಹೋಯಿತು. ನಡೆದು ಹತ್ತಲು ಅವಳ ಮಂಡಿ ಒಪ್ಪುವಂತಿರಲಿಲ್ಲ. ಅವಳು ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತು, ಅಕ್ಕನಿಗೆಂದು ತಂದಿದ್ದ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು, ಮೇಲಿನ ತಿರುವನ್ನೇ ನೋಡುತ್ತಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ಆ ತಿರುವಿನಲ್ಲಿ ಸಾಮಾನು ಹೇರಿಕೊಂಡ ಲಾರಿ ಕಾಣಿಸಿತು. ಮುಂದಿನ ಸೀಟಿನಿಂದ ಅಕ್ಕ ಇಳಿದು ಓಡಿಬಂದಳು. "ಮಧ್ಯಾಹ್ನದಿಂದ ಬಾಗಿಲಲ್ಲೇ ನಿಂತಿದ್ನಲ್ಲೇ!" ಅಷ್ಟು ಹೇಳಿ ತಂಗಿಯನ್ನು ತಬ್ಬಿಕೊಂಡಳು. ಡ್ರೈವರ್ ಹಾರ್ನ್ ಹೊಡೆದ. ಪೊಟ್ಟಣ ಕೈ ಬದಲಾಯಿತು. ಮತ್ತೆ ಹಾರ್ನ್. ಒಂದು ಮಧ್ಯಾಹ್ನದ ಮಾತು ಎರಡು ಹಾರ್ನುಗಳ ನಡುವೆ ಮುಗಿದುಹೋಯಿತು. ರಾಯರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಕತ್ತಲಾಗುತ್ತಿದ್ದಂತೆ ಅವರು ಗಾಡಿ ತಳ್ಳುತ್ತಾ ಮನೆ ಕಡೆ ಹೊರಟರು. ಅವಳು ಕುಂಟುತ್ತಾ ಮುಂದೆ ಟಾರ್ಚ್ ಹಿಡಿದಿದ್ದಳು. ಏನಾದರೂ ಮಾತಾಡಬೇಕಲ್ಲ ಎಂದು ರಾಯರು, "ಟಾರ್ಚ್ ಭರ್ಜರಿಯಾಗಿದೆ. ಹೊಸ ಸೆಲ್ಲಾ?" ಎಂದು ಕೇಳಿದರು.

"ನೀವು ಬೇಡ ಅಂತ ಎಸೆದಿದ್ದೇ."

ಮನೆ ಸೇರಿದವರೇ ಮೀಟರ್ ಬಿಚ್ಚಿ, ಟಿವಿ ರಿಮೋಟಿನ ಸೆಲ್‌ಗಳನ್ನು ಅದಕ್ಕೆ ಹಾಕಿದರು. ಮಿಣುಕುತ್ತಿದ್ದ ಚಿತ್ರ ಮಾಯವಾಯಿತು. ಮತ್ತೆ ಅಳೆದು ನೋಡಿದರೆ, ತಿರಸ್ಕಾರದ ಡಬ್ಬದಲ್ಲಿದ್ದುದೆಲ್ಲ ಅಪ್ಪಟ ಚಿನ್ನ! ಸೊರಗಿದ್ದದ್ದು ಮೀಟರಿನದೇ ಬ್ಯಾಟರಿ. ಅದು ಸೊರಗಿದಷ್ಟೂ ಅಂಕಿಯನ್ನು ಹೆಚ್ಚು ಹೆಚ್ಚು ತೋರಿಸುತ್ತಾ ಹೋಗಿತ್ತು. ಮೊದಲು ಅಳೆದ ಒಳ್ಳೆಯವನ್ನೆಲ್ಲ ಎಸೆದು, ಆಮೇಲೆ ಅಳೆದ ಗುಜರಿಯನ್ನೆಲ್ಲ ಆರಿಸಿ ಕಟ್ಟಿದ್ದರು ರಾಯರು. ಜೀವಮಾನವಿಡೀ ಪರರ ತಪ್ಪು ಹಿಡಿದ ಕಣ್ಣಿಗೆ ಮೂಲೆಯಲ್ಲಿ ಮಿಣುಕುತ್ತಿದ್ದುದು ಕಂಡಿರಲಿಲ್ಲ. ಕಂಡವಳನ್ನು ಸುಮ್ಮನಿರಿಸಿದ್ದರು.

"ತಪ್ಪಾಯ್ತು ಕಣೇ," ಎಂದರು. ಅವಳು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

ಮುಂದಿನ ವಾರ ಅವಳು ಅಕ್ಕನ ಊರಿಗೆ ಬಸ್ಸು ಹಿಡಿಯಲು ಚೀಲ ಸಿದ್ಧಮಾಡಿಕೊಂಡಳು. ಟಾರ್ಚನ್ನೂ ಮರೆಯದೆ ಹಾಕಿಕೊಂಡಳು.

"ನಾನೂ ಬರ್ಲಾ?" ಎಂದು ರಾಯರು ಮೆಲ್ಲಗೆ ಕೇಳಿದರು.

"ಬೇಡ. ಊಟ ತಿಂಡಿ ಎಲ್ಲ ಹಾಕಿ ಇಷ್ಟು ವರ್ಷ ನಿಮ್ಮನ್ನ ಚೆನ್ನಾಗೇ ಚಾರ್ಜ್ ಮಾಡಿದೀನಿ. ಈಗ ಒಂದಷ್ಟು ದಿನ ಸುಮ್ನೆ ಬಿಟ್ಟು ನೋಡ್ತೀನಿ. ಎಷ್ಟು ಇಳೀತೀರಿ ಅಂತ ಬಂದು ಅಳೀತೀನಿ."

ಬಾಗಿಲು ಮುಚ್ಚಿಕೊಂಡಿತು. ಮನೆಯ ಮೌನ ತಡೆಯಲಾರದೆ ರಾಯರು ಟಿವಿ ಹಾಕಲು ರಿಮೋಟ್ ಒತ್ತಿದರು. ಅದರ ಸೆಲ್‌ಗಳು ಇನ್ನೂ ಮೀಟರಿನಲ್ಲೇ ಇದ್ದವು.