ಆರು ಕುಣಿಕೆ ಗಾಳಿ

ಬೇಸಿಗೆಯಲ್ಲಿ ಫ್ಯಾನ್ ಹಾಕಿಕೊಳ್ಳಲಾಗದ ವೃತ್ತಿ ಲೋಕದಲ್ಲಿ ಒಂದೇ ಒಂದು ಇದ್ದರೆ ಅದು ನನ್ನದು. ನಾನು ವಾಚ್ ರಿಪೇರಿಯವನು. ಎಳ್ಳಿಗಿಂತ ಸಣ್ಣ ತಿರುಪುಗಳು, ಕೂದಲೆಳೆಯಂಥ ಸ್ಪ್ರಿಂಗುಗಳು ಮೇಜಿನ ಮೇಲೆ ಹರಡಿಕೊಂಡಿರುವಾಗ ಫ್ಯಾನ್ ಹಾಕಿದರೆ ಗಿರಾಕಿಯ ಕಾಲ ಅಕ್ಷರಶಃ ಹಾರಿಹೋಗುತ್ತದೆ. (ಒಮ್ಮೆ ನಾನೇ ಸೀನಿ, ಒಂದು ತಿರುಪನ್ನು ಎರಡು ದಿನ ಹುಡುಕಿದ್ದೇನೆ. ಅದು ನನ್ನ ಮೀಸೆಯಲ್ಲಿತ್ತು.)

ಹೀಗಾಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ತಗಡಿನ ಮಾಡಿನ ಕೆಳಗೆ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಹಣೆಗೆ ಟವೆಲ್ ಕಟ್ಟಿಕೊಂಡು ಬೇಯುವುದು ನನ್ನ ದಿನಚರಿ. ಎಸಿ ಎನ್ನುವುದನ್ನು ಆಗಿನ್ನೂ ನಮ್ಮಂಥವರು ಸಿನಿಮಾ ಥಿಯೇಟರಿನ ಬಾಗಿಲು ತೆರೆದಾಗ ಹೊರಬರುವ ತಂಪಿನಿಂದಷ್ಟೇ ಬಲ್ಲವರು. ನನ್ನ ಪಾಲಿಗೆ ಗಾಳಿ ಅಂತ ಸಿಗುತ್ತಿದ್ದುದು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗಿನ ಮುಕ್ಕಾಲು ಗಂಟೆ. ಆ ಹೊತ್ತಿನಲ್ಲಿ ಒಂದು ನಿದ್ದೆ ತೆಗೆದರೆ ಸರಿ, ಇಲ್ಲದಿದ್ದರೆ ಸಂಜೆಯವರೆಗೂ ಚಿಮಟ ಹಿಡಿದ ಕೈ ನಡುಗುತ್ತದೆ.

ಮನೆಯಲ್ಲಿದ್ದದ್ದು ಒಂದೇ ಟೇಬಲ್ ಫ್ಯಾನು, ಕತ್ತು ತಿರುಗಿಸುವ ಜಾತಿಯದು. ಎಡತುದಿಯ ಚಾಪೆಯಲ್ಲಿ ನಮ್ಮತ್ತೆ, ನಡುವೆ ಹೆಂಡತಿ, ಬಲತುದಿಯಲ್ಲಿ ನಾನು. ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗಲು ಬಂದಿದ್ದ ಅತ್ತೆ (ಆ ನಾಲ್ಕು ದಿನ ಆರಂಭವಾಗಿ ಒಂದು ತಿಂಗಳಾಗಿತ್ತು) ಗೋಡೆಗೊರಗಿ ಉಲ್ಲನ್ ಹೆಣೆಯುತ್ತಿದ್ದರು. ಈ ಸೆಕೆಯಲ್ಲಿ ಉಲ್ಲನ್ ಏಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಫ್ಯಾನು ಅತ್ತೆಯ ಯೋಗಕ್ಷೇಮ ವಿಚಾರಿಸಿ, ಮಗಳನ್ನು ಹೋಗುವಾಗೊಮ್ಮೆ ಬರುವಾಗೊಮ್ಮೆ ಮಾತಾಡಿಸಿ, ನನ್ನ ಬಳಿ ಬಂದು ಕಣ್ಣು ಮುಚ್ಚುವಷ್ಟರಲ್ಲಿ ಮತ್ತೆ ತವರಿನ ಕಡೆ ಹೊರಟುಬಿಡುತ್ತಿತ್ತು.

ಒಂದು ಭಾನುವಾರ ತಾಯಿ ಮಗಳು ಹೊರಗೆ ಹೋದ ಹೊತ್ತು ನೋಡಿ ಫ್ಯಾನಿನ ಕತ್ತಿಗೇ ಕೈ ಹಾಕಿದೆ. ಕೆಟ್ಟು ಕೂತಿದ್ದ ಗೋಡೆ ಗಡಿಯಾರದ ಹಲ್ಲುಚಕ್ರವೊಂದನ್ನು ಉಜ್ಜಿ ಒಳಗೆ ಕೂರಿಸಿದೆ. ಇಪ್ಪತ್ತು ವರ್ಷದ ವಿದ್ಯೆಯನ್ನೆಲ್ಲ ಧಾರೆಯೆರೆದೆ ಅನ್ನಿ. ಆಮೇಲಿಂದ ಫ್ಯಾನು ಬಲಕ್ಕೆ ಬಂದಾಗ ಏನೋ ಮರೆತವರ ಹಾಗೆ ನಿಂತು, ಯೋಚಿಸಿ, ಒಲ್ಲದ ಮನಸ್ಸಿನಿಂದ ಎಡಕ್ಕೆ ಹೊರಡತೊಡಗಿತು. ನಾನು ಚಕ್ರವರ್ತಿಯ ಹಾಗೆ ನಿದ್ದೆ ಮಾಡಿದೆ.

ನಾಲ್ಕನೆಯ ದಿನ ಇನ್ನೇನು ಕಣ್ಣು ಹತ್ತಬೇಕು, ಅತ್ತೆಯ ದನಿ ಕೇಳಿತು.

"ಈ ಫ್ಯಾನಿಗೆ ಏನೋ ಆಗಿದೆ ಕಣೇ. ಮುಂಚೆ ನಾನು ಆರು ಕುಣಿಕೆ ಹೆಣೆಯೋ ತನಕ ನನ್ನ ಕಡೆ ಇರ್ತಿತ್ತು, ಅಳಿಯಂದಿರ ಕಡೆನೂ ಆರೇ. ಈಗ ನನ್ನ ಕಡೆ ಆರು, ಅವರ ಕಡೆ ಹದಿನಾರು."

"ಗಾಳೀನೂ ಎಣಿಸ್ತೀಯೇನಮ್ಮಾ?"

"ಗಾಳಿ ಯಾಕೆ ಎಣಿಸ್ಲಿ? ಕುಣಿಕೆ ಎಣಿಸ್ತೀನಿ. ಗಾಳಿ ಬಂದ್ರೆ ಎಳೆ ಅಲ್ಲಾಡುತ್ತೆ, ಗೊತ್ತಾಗುತ್ತೆ."

ನಾನು ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿಕೊಂಡೆ. ಆಮೇಲೆ ಹೆಂಡತಿ ಹೇಳಿದಳು, "ರೀ, ನಿದ್ದೆ ಮಾಡೋರು ಉಸಿರು ಬಿಗಿಹಿಡಿಯಲ್ಲ. ಏಳಿ."

ಎದ್ದು ಕೂತೆ. ಬಾಯಿಗೆ ಬಂದ ಮೊದಲ ಸುಳ್ಳನ್ನೇ ಹೇಳಿದೆ. "ಅದು ನಿಮಗೋಸ್ಕರವೇ ಮಾಡಿದ್ದು ಅತ್ತೆ. ಜಾಸ್ತಿ ಗಾಳಿಗೆ ನಿಮಗೆ ಶೀತ ಆದ್ರೆ ಅಂತ, ನಾಲ್ಕು ದಿನ ನಾನೇ ಮಲಗಿ ಪರೀಕ್ಷೆ ಮಾಡ್ದೆ. ಇವತ್ತು ಹೇಳೋಣ ಅಂತಿದ್ದೆ."

ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅತ್ತೆ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಸೆಕೆ ತಡೆಯೋಕಾಗ್ದೆ ಶನಿವಾರ ಹೊರಡೋಣ ಅಂತ ಪೆಟ್ಟಿಗೆ ಕಟ್ಟಿಟ್ಟಿದ್ದೆ. ನೀವು ಇಷ್ಟೆಲ್ಲ ಮಾಡಿದ ಮೇಲೆ ಹೇಗೆ ಹೋಗ್ಲಿ? ಮಳೆ ಬರೋ ತನಕ ಇದ್ದುಬಿಡ್ತೀನಿ."

ಆ ಪೆಟ್ಟಿಗೆಯ ವಿಷಯ ನನಗೆ ಒಂದು ವಾರ ಮೊದಲೇ ತಿಳಿದಿದ್ದರೆ ಈ ಕಥೆಯನ್ನು ಹೇಳುವ ಅಗತ್ಯವೇ ಇರುತ್ತಿರಲಿಲ್ಲ. ಅಂದೇ ಚಾಪೆಗಳು ಅದಲುಬದಲಾದವು. ಅತ್ತೆಗೆ ಹದಿನಾರು, ನನಗೆ ಆರು.

"ಫ್ಯಾನು ಮೊದಲಿನ ಹಾಗೇ ಮಾಡಿಬಿಡ್ಲಾ?" ಎಂದು ಹೆಂಡತಿಯನ್ನು ಗುಟ್ಟಾಗಿ ಕೇಳಿದೆ.

"ಅಮ್ಮನಿಗೋಸ್ಕರ ಮಾಡಿದ್ದಲ್ವಾ?" ಎಂದಳು. "ಇರ್ಲಿ ಬಿಡಿ."

ಅಷ್ಟಕ್ಕೇ ನಿಂತಿದ್ದರೆ ಆರು ಕುಣಿಕೆಯಲ್ಲೇ ಹೇಗೋ ಬೇಸಿಗೆ ಕಳೆಯುತ್ತಿದ್ದೆ. ಆದರೆ ಅತ್ತೆ ನನ್ನ ಗುಣಗಾನವನ್ನು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹರಡಿದರು. ಮರುದಿನವೇ ಪಕ್ಕದ ಮನೆಯ ದರ್ಜಿ ಕಂಕುಳಲ್ಲಿ ಫ್ಯಾನು ಇಟ್ಟುಕೊಂಡು ಅಂಗಡಿಗೆ ಬಂದ.

"ನಮ್ಮತ್ತೆಗೂ ಹಾಗೇ ಆಗ್ಬೇಕಂತೆ," ಎಂದ. "ನೀವು ಒಳ್ಳೆಯ ಅಳಿಯ ಅನ್ನಿಸಿಕೊಳ್ಳೋಕೆ ನಮ್ಮ ನಿದ್ದೆಗೆ ಕಲ್ಲು ಹಾಕಿದ್ರಲ್ಲ ಸ್ವಾಮಿ."

ವಾರ ಕಳೆಯುವುದರೊಳಗೆ ಅಂಗಡಿಯಲ್ಲಿ ಒಂಬತ್ತು ಫ್ಯಾನುಗಳಾದವು. ಕೆಲಸ ಮುಗಿಯದೆ ಮಧ್ಯಾಹ್ನ ಮನೆಗೆ ಹೋಗುವುದೂ ನಿಂತಿತು. ಹೆಂಡತಿ ಕ್ಯಾರಿಯರಿನಲ್ಲಿ ಊಟ ತಂದಳು, ಜೊತೆಗೆ ಒಂದು ಕಾಗದದ ಪೊಟ್ಟಣ.

"ಸುತ್ತ ಒಂಬತ್ತು ಫ್ಯಾನ್ ಇಟ್ಕೊಂಡು ಈಗ ತಾನೇ ಸ್ನಾನ ಮಾಡಿ ಬಂದ ಹಾಗೆ ಕೂತಿದೀರಲ್ಲ."

"ಒಂದಾದ್ರೂ ಹಾಕೋ ಹಾಗಿದೆಯೇನೇ? ಮೇಜಿನ ಮೇಲೆ ಡಾಕ್ಟರಮ್ಮನ ವಾಚು ಬಿಚ್ಚಿದೆ."

"ಮನೇಲಿ ನಿಮ್ಮ ಪಾಲಿನ ಗಾಳಿ ಖಾಲಿ ಚಾಪೆಗೆ ಬೀಸ್ತಿದೆ," ಎಂದು ಪೊಟ್ಟಣ ಕೊಟ್ಟಳು.

ಒಳಗೆ ದಪ್ಪನೆಯ ಬೂದುಬಣ್ಣದ ಮಫ್ಲರು. ಚಳಿಗಾಲದಲ್ಲಿ ಈ ಅಂಗಡಿಯಲ್ಲಿ ಕೂತು ನನ್ನ ಕತ್ತು ಹಿಡಿದುಕೊಳ್ಳುತ್ತದೆಂದು ಅತ್ತೆ ಬಂದ ದಿನದಿಂದ ಹೆಣೆಯುತ್ತಿದ್ದದ್ದು ನನಗೇ ಅಂತೆ. ನಿಜ ಹೇಳುತ್ತೇನೆ, ನನಗೆ ನಾಚಿಕೆಯಾಯಿತು. ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆಯೇ ನಿಂತಿದ್ದಾರೆ.

"ಹಾಕ್ಕೊಳ್ಳಿ, ಉದ್ದ ಸಾಕಾ ನೋಡೋಣ," ಎಂದರು.

ಹಾಕಿಕೊಂಡೆ. ಅತ್ತೆ ಹತ್ತಿರ ಬಂದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೈಯಾಡಿಸಿ, ನಡುವೆ ಒಂದು ಕಡೆ ನಿಲ್ಲಿಸಿದರು.

"ಎಲ್ಲಾ ಸರಿಯಾಗಿ ಬಂದಿದೆ. ಇಲ್ಲಿ ನಾಲ್ಕು ಬೆರಳಷ್ಟು ಮಾತ್ರ, ಬೆವರಿಗೆ ಎಳೆ ಅಂಟಿ ಅಂಟಿ ಹೆಣಿಗೆ ಗಂಟುಗಂಟಾಗಿದೆ," ಎಂದರು ತಣ್ಣಗೆ. "ಇದು ನೀವು ನನಗೋಸ್ಕರ ಪರೀಕ್ಷೆ ಮಾಡ್ತಿದ್ರಲ್ಲ, ಆ ನಾಲ್ಕು ದಿನದ್ದು."

ನಾನು ಮಫ್ಲರನ್ನು ಇನ್ನೊಂದು ಸುತ್ತು ಸುತ್ತಿಕೊಂಡೆ.